ಬಿಲ್ಲಿನ ಮುಂದೆ ಕಾಯುವ ಗುಲಾಬಸಾಬ

ದುರ್ಗದಬೈಲ್ ಹಿಂದಿನ ಓಣಿಯಲ್ಲಿ ಇನ್ನೂ ಯಾವ ಅಂಗಡಿಯ ಬಾಗಿಲೂ ತೆರೆದಿಲ್ಲ. ಸೂರಿನಿಂದ ತೂಗುಬಿಟ್ಟ, ಹತ್ತಿ ಹಿಂಜುವ ಆಳೆತ್ತರದ ಬಿಲ್ಲನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಮರದ ಗುಂಡಿನಿಂದ ಅದರ ನರದ ಹೆದೆಗೆ ಬಡಿಯುತ್ತಿದ್ದಾರೆ ಗುಲಾಬಸಾಬ ನದಾಫ. ಅರವತ್ತೆಂಟರ ಜೀವ. ನರ ಮಿಡಿದಂತೆಲ್ಲ ಗಂಟುಕಟ್ಟಿದ ಹಳೆಯ ಹತ್ತಿ ಬಿಡಿಬಿಡಿಯಾಗಿ ಮೇಲೇಳುತ್ತದೆ. ಹುಬ್ಬು, ಗಡ್ಡ ಎಲ್ಲ ಬೆಳ್ಳಗೆ. ಗಡ್ಡ ಮೊದಲೇ ಬೆಳ್ಳಗಿತ್ತು ಅನ್ನಿ.

ಮದುವೆಯ ದಿನಗಳಲ್ಲಿ ವಾರಕ್ಕೆ ಹನ್ನೆರಡು ಗಾದಿ ಹೊಲಿದ ಕೈ ಇದು. ಈಗ ಬಿಲ್ಲಿನ ಕೆಲಸ ತಿಂಗಳಿಗೆ ಎರಡು ಗಾದಿಯಷ್ಟು ಬಂದರೆ ಹೆಚ್ಚು. ಹಿಂಜುವ ಯಂತ್ರ ಮನೆಯಲ್ಲೇ ಇದೆ; ಮಗ ತನ್ವೀರ ಅದನ್ನು ಚಾಲೂ ಮಾಡಿದರೆ ಎರಡು ತಾಸಿನ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಬಲಭುಜ ಸವೆದಿದೆ, ಬಿಲ್ಲು ಮುಟ್ಟಲೇಬೇಡಿ ಎಂದು ಡಾಕ್ಟರು ಹೇಳಿ ವರ್ಷವಾಯಿತು. ಆದರೂ ದಿನಾ ಮುಂಜಾನೆ ಒಂದು ತಾಸು ಇಲ್ಲಿ ಕೂರುತ್ತಾರೆ.

ಯಾಕೆ ಎಂದು ಕೇಳಿದರೆ ಗುಂಡು ಕೆಳಗಿಡುತ್ತಾರೆ. "ಹರೇದಾಗ ನಾ ಭಾಳ ಮೋಸಗಾರ ಇದ್ದೆ ನೋಡ್ರಿ."

ಗಾದಿಯ ಮೇಲುಪದರಕ್ಕೆ ಹೊಸ ಹತ್ತಿ, ನಡುವೆ ದರ್ಜಿ ಅಂಗಡಿಯ ಚಿಂದಿ, ಹತ್ತಿಬೀಜದ ಕಸ. ಹೊಲಿಗೆ ಬಿದ್ದ ಮೇಲೆ ಬಿಚ್ಚಿ ನೋಡುವವರು ಯಾರು? ಅಮ್ಮಿನಬಾವಿಯ ಹೊಲದಲ್ಲಿ ಒಂಟಿಯಾಗಿದ್ದ ಸಾಧು ಶಾಂತಯ್ಯಜ್ಜನಿಗೆ ಭಕ್ತರು ಮಾಡಿಸಿಕೊಟ್ಟ ಗಾದಿಗೂ ಗುಲಾಬಸಾಬ ಅದೇ ಹೂರಣ ತುಂಬಿದ್ದರು. ವರ್ಷ ಕಳೆದ ಮೇಲೆ ಅಜ್ಜ ಕರೆಸಿ, ಬಿಚ್ಚಿ ಮತ್ತೆ ಹಿಂಜಿಕೊಡು ಎಂದರು. ಬಿಚ್ಚುತ್ತಿದ್ದಾಗ ಗುಲಾಬಸಾಬರ ಕಣ್ಣು ಅಜ್ಜನ ಬರಿಯ ಬೆನ್ನಿನ ಮೇಲೆ ಬಿತ್ತು. ಗಂಟು ಒತ್ತಿ ಒತ್ತಿ ಕಪ್ಪು ಕಲೆಗಳಾಗಿದ್ದವು.

"ಬೈದಿದ್ರ ಹಗುರಾಗ್ತಿತ್ರಿ. ಅಜ್ಜಾರು ನೀರು ಕೊಟ್ಟು, 'ಸಾವಕಾಶ ಮಾಡಪಾ' ಅಂದ್ರು, ಅಷ್ಟ. ಅಳಕೋಂತ ಚಿಂದಿ ಆರಿಸಿ ಒಗದೆ. ಹಿಂಜಾಕ ಕುಂತೆ. ಎಷ್ಟೊತ್ತಾತೋ ಗೊತ್ತಿಲ್ಲ. ಸಪ್ಪಳ ಒಂದ ಇತ್ತು, ನಾ ಇರಲಿಲ್ಲ. ಎಚ್ಚರಾದಾಗ ಹೊತ್ತು ಮುಳಗಿತ್ತು."

ಮರುದಿನದಿಂದಲೇ ಗುಲಾಬಸಾಬ ತಾವು ಮೋಸ ಮಾಡಿದ ಮನೆಗಳ ಬಾಗಿಲು ತಟ್ಟಿದರು. ಬಿಚ್ಚಿ, ಹಿಂಜಿ, ಒಳ್ಳೆಯ ಹತ್ತಿ ತುಂಬಿಕೊಟ್ಟದ್ದು ನಲವತ್ತೊಂದು ಗಾದಿ. ಇವನಿಗೆ ತಲೆ ಕೆಟ್ಟಿದೆ ಎಂದು ಓಣಿ ನಕ್ಕಿತು.

ಅಜ್ಜ ತೀರಿಕೊಂಡು ಇಪ್ಪತ್ತೊಂಬತ್ತು ವರ್ಷ. ಇವರು ನಮಾಜು ತಪ್ಪಿಸಿಲ್ಲ, ಸೋಮವಾರ ಅಜ್ಜನ ಗದ್ದುಗೆಗೆ ಹೋಗುವುದನ್ನೂ ತಪ್ಪಿಸಿಲ್ಲ. ತಾವೇ ಇಲ್ಲವಾದ ಆ ಹೊತ್ತು ಮಾತ್ರ ತಿರುಗಿ ಬಂದಿಲ್ಲ. ಒಮ್ಮೆ ರುಚಿ ತೋರಿಸಿ ಕಸಿದುಕೊಂಡ ಹಾಗಾಗಿದೆ ಈ ಬಡಜೀವಕ್ಕೆ. "ಭುಜ ಪೂರಾ ಕೈಕೊಡೂದ್ರಾಗ ಒಂದ ಸಲ ಬರಲಿ ಅಂತ ಬೇಡಕೋತೇನ್ರಿ," ಎನ್ನುವಾಗ ದನಿ ಒಡೆಯುತ್ತದೆ.

ಬಾಗಿಲಲ್ಲಿ ಚಹಾ ಹಿಡಿದು ನಿಂತ ಹೆಂಡತಿ ಇಮಾಮಬಿಗೆ ಇನ್ನು ತಡೆಯಲಾಗುವುದಿಲ್ಲ. "ಬರಂಗಿಲ್ಲಂತ ಯಾರು ಹೇಳಿದ್ರು? ವಾರದಾಗ ಒಂದೆರಡು ದಿನ ಮೂರು ಸಲ ಕರದ್ರೂ ಇವರು ಓ ಅನ್ನಂಗಿಲ್ರಿ. ಭುಜ ಮುಟ್ಟಿದ್ರೂ ಗೊತ್ತಾಗಂಗಿಲ್ಲ. ಆವಾಗೆಲ್ಲ ಚಾ ಆರತೈತಿ, ನಾ ಸುಮ್ಮನ ಹೊಳ್ಳಿ ಒಳಗ ಹೋಗತೇನಿ."

ಗುಲಾಬಸಾಬ ಬೆರಗಾಗಿ ನೋಡುತ್ತಾರೆ. "ಮತ್ತ ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಬಂತೋ ಇಲ್ಲೋ ಅಂತ ನೋಡಕೋಂತ ಕುಂಡ್ರತಿದ್ರಿ. ಹಿಂಜೋರು ಯಾರು?"

ಅವರ ಕಣ್ಣು ತುಂಬುತ್ತದೆ. ಆಮೇಲೆ ಗುಂಡು ಕೈಗೆತ್ತಿಕೊಳ್ಳುತ್ತಾರೆ.

"ಇನ್ನ ಮುಂದ ಬಂದ್ರೂ ಹೇಳಬ್ಯಾಡ," ಎನ್ನುತ್ತಾರೆ. "ನಾ ಹಿಂಜಕೋಂತ ಕಾಯತೇನಿ."