ಅಸ್ಥಿಪಂಜರ ಅರೆಮಂಡಿ ಕುಳಿತ ಮಧ್ಯಾಹ್ನ

ದೆವ್ವ, ಮಾಟ, ಗಾಳಿ ಎಂಬ ಮಾತುಗಳನ್ನು ನಾನು ಎಂದೂ ನಂಬಿದವಳಲ್ಲ. ನಂಬದ ಹಾಗೆ ಬೆಳೆಸಿದವರು ನನ್ನ ತಂದೆ. ನಾನು ಚಿಕ್ಕವಳಾಗಿದ್ದಾಗ ನಮ್ಮ ಮಾಲೂರಿಗೆ ಒಂದು ಜಾದೂ ಕಂಪನಿ ಬಂದು ಸ್ಟೇಷನ್ನಿನ ಹತ್ತಿರದ ಬಯಲಿನಲ್ಲಿ ಡೇರೆ ಹಾಕಿತ್ತು. ಆಟದ ಕೊನೆಗೆ ದೀಪಗಳನ್ನು ತಗ್ಗಿಸಿ ಪರದೆ ಎತ್ತಿದರೆ, ಬರಿಯ ಮೂಳೆಗಳ ಮನುಷ್ಯನೊಬ್ಬ ಡೋಲಿಗೆ ತಕ್ಕಂತೆ ಕುಣಿಯುತ್ತಿದ್ದ. ಹೆಂಗಸರು ಮಕ್ಕಳು ಚೀರಿಕೊಂಡರು. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ನನ್ನ ತಂದೆ ಮಾತ್ರ ನಗುತ್ತಾ ಕೂತಿದ್ದರು. ಮಾರನೆಯ ಬೆಳಗ್ಗೆ ನನ್ನನ್ನು ಡೇರೆಯ ಹಿಂಭಾಗಕ್ಕೆ ಕರೆದುಕೊಂಡು ಹೋಗಿ, ಹಗ್ಗದ ಮೇಲೆ ಒಣಗಲು ಹಾಕಿದ್ದ ಕರಿಯ ಅಂಗಿ ಇಜಾರಗಳನ್ನು ತೋರಿಸಿದರು. ಅವುಗಳ ಮೇಲೆ ಬಿಳಿ ಬಣ್ಣದಲ್ಲಿ ಮೂಳೆಗಳನ್ನು ಬರೆದಿದ್ದರು. "ನೋಡ್ಕೊ, ಇಷ್ಟೇ ಕಣೇ" ಎಂದರು.

ಆ ಮೇಲೆ ಯಾರು ಏನೇ ವಿಚಿತ್ರ ಹೇಳಲಿ, ನನ್ನ ಮನಸ್ಸಿನಲ್ಲಿ ಏಳುತ್ತಿದ್ದುದು "ಇಷ್ಟೇ" ಎಂಬ ಆ ಒಂದು ಮಾತು. ಈಗ ಹೇಳಲಿರುವ ಸಂಗತಿಗೆ ಮಾತ್ರ ಹಾಗೆ ಹೇಳಲು ನನ್ನಿಂದ ಆಗಿಲ್ಲ. ಇದರಲ್ಲಿ ನನ್ನ ಸಣ್ಣತನವೂ ಇದೆ. ಅದನ್ನು ಮುಚ್ಚಿಟ್ಟರೆ ಉಳಿದದ್ದನ್ನು ಹೇಳಿ ಪ್ರಯೋಜನವಿಲ್ಲ. ಆದ್ದರಿಂದ ಎರಡನ್ನೂ ಹೇಳುತ್ತೇನೆ.

ಎರಡನೆಯ ಮಹಾಯುದ್ಧಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಹದಿನೇಳಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ನನ್ನನ್ನು ತಂದೆ ಯಾರ ಮಾತಿಗೂ ಕಿವಿಗೊಡದೆ ಕೋಲಾರದ ಒಂದು ಆಸ್ಪತ್ರೆಯಲ್ಲಿ ನರ್ಸ್ ತರಬೇತಿಗೆ ಸೇರಿಸಿದರು. ನಾವು ಒಂಬತ್ತು ಹುಡುಗಿಯರು. ಪಾಠ ಹೇಳುತ್ತಿದ್ದವರು ಅಲ್ಲಿನ ಲೇಡಿ ಡಾಕ್ಟರು. ಎಲ್ಲರೂ ಅವರನ್ನು ಡಾಕ್ಟರಮ್ಮ ಎನ್ನುತ್ತಿದ್ದೆವು. ನನ್ನ ಅಕ್ಷರ ದುಂಡಗಿತ್ತು, ನೆನಪು ಚೆನ್ನಾಗಿತ್ತು. ಪ್ರತಿದಿನ ಹಿಂದಿನ ಪಾಠವನ್ನು ಎದ್ದುನಿಂತು ಒಪ್ಪಿಸುವವಳು ನಾನೇ. ತರಗತಿಗೆ ಮೊದಲಿಗಳು ಎಂಬುದೊಂದೇ ಆಗ ನನಗೆ ಉಳಿದಿದ್ದ ಮಾನ.

ಎರಡನೆಯ ವರ್ಷ ಮದ್ರಾಸಿನಿಂದ ನಮಗೊಂದು ಅಸ್ಥಿಪಂಜರ ಬಂತು. ಕೋಲಾರದ ಚಿಕ್ಕ ರೈಲಿನಲ್ಲಿ ಬಂದಿಳಿದ ಮರದ ಪೆಟ್ಟಿಗೆಯಲ್ಲಿ ಏನಿದೆಯೆಂದು ತಿಳಿದ ಜಟಕಾದವನು ಅದನ್ನು ಆಸ್ಪತ್ರೆಯ ಗೇಟಿನ ಹೊರಗೇ ಇಳಿಸಿ ಹೊರಟುಹೋದ. ಕಬ್ಬಿಣದ ಕಂಬವೊಂದಕ್ಕೆ ತಲೆಬುರುಡೆಯ ಕೊಕ್ಕೆ ಸಿಕ್ಕಿಸಿ, ಪಾಠದ ಕೋಣೆಯ ಮೂಲೆಯಲ್ಲಿ ಹಲಗೆಯ ಪೀಠದ ಮೇಲೆ ತೂಗುಹಾಕಿದರು. ಅದಕ್ಕೊಂದು ದೋಷವಿತ್ತು. ತಯಾರಿಸಿದವರು ಸೊಂಟದ ಎರಡು ಕೀಲುಗಳಿಗೂ ಬೋಲ್ಟು ಹಾಕಿ ಬಿಗಿದುಬಿಟ್ಟಿದ್ದರು. ಕಾಲುಗಳು ನೇರವಾಗಿ ಜೋತುಬಿದ್ದಿರುತ್ತಿದ್ದವೇ ಹೊರತು ಯಾವ ಕಡೆಗೂ ಹೊರಳುತ್ತಿರಲಿಲ್ಲ. ಆಸ್ಪತ್ರೆಯ ಬಡಗಿ ಸ್ಪ್ಯಾನರ್ ಹಾಕಿ ತಿರುಗಿಸಿ ತಿರುಗಿಸಿ ಸೋತ. ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

"ತೊಡೆ ಮೂಳೆಯ ತಲೆ ಸೊಂಟದ ಬಟ್ಟಲಲ್ಲಿ ಹೇಗೆ ತಿರುಗುತ್ತೆ ಅಂತ ಇದರಲ್ಲಿ ತೋರಿಸೋಕೇ ಆಗಲ್ವಲ್ಲ" ಎಂದು ಡಾಕ್ಟರಮ್ಮ ಬೇಜಾರು ಮಾಡಿಕೊಂಡರು. ಆಗ ಹಿಂದಿನ ಬೆಂಚಿನಿಂದ ನಾಗರತ್ನ ಎದ್ದಳು. "ನಾನು ತೋರಿಸಲಾ ಅಮ್ಮ?"

ನಾಗರತ್ನ ಮುಳಬಾಗಿಲಿನ ಆಚೆ, ಆವನಿಯ ಕಡೆಯವಳು. ನನಗಿಂತ ಎರಡು ವರ್ಷ ಚಿಕ್ಕವಳು. ಮನೆಯ ಮಾತು ತೆಲುಗು. ನಗು ಬಂದರೆ ಅವಳ ಕನ್ನಡ ಪೂರ್ತಿ ತೆಲುಗಿಗೆ ಜಾರಿಬಿಡುತ್ತಿತ್ತು. ಅವರ ಮನೆಯ ಹೆಂಗಸರು ಹಿಂದೆ ದೇವಸ್ಥಾನದಲ್ಲಿ ಕುಣಿಯುತ್ತಿದ್ದವರು. ಸರ್ಕಾರ ಅದನ್ನು ನಿಲ್ಲಿಸಿ ಎಷ್ಟೋ ವರ್ಷವಾಗಿದ್ದರೂ ಅವಳ ಅಜ್ಜಿ ಬಾಗಿಲು ಹಾಕಿಕೊಂಡು ಮೊಮ್ಮಗಳಿಗೆ ಕಲಿಸಿದ್ದಳಂತೆ. ಅಂದು ರತ್ನ ಅಸ್ಥಿಪಂಜರದ ಪಕ್ಕದಲ್ಲಿ ನಿಂತು, ಸೀರೆಯ ನೆರಿಗೆ ಸಿಕ್ಕಿಸಿ, ಮಂಡಿಗಳನ್ನು ಎರಡು ಪಕ್ಕಕ್ಕೂ ಅಗಲಿಸಿ ಅರೆಮಂಡಿಯಲ್ಲಿ ಕುಳಿತಳು. ಡಾಕ್ಟರಮ್ಮನ ಮುಖ ಅರಳಿತು. ಬೆತ್ತದ ತುದಿಯಿಂದ ಒಮ್ಮೆ ಆ ಮೂಳೆಯನ್ನೂ ಒಮ್ಮೆ ಅವಳ ತೊಡೆಯನ್ನೂ ಮುಟ್ಟಿ ಒಂದು ಗಂಟೆ ಪಾಠ ಹೇಳಿದರು.

ಅಲ್ಲಿಂದ ಎಲ್ಲವೂ ಅವಳದಾಯಿತು. ಮಣಿಕಟ್ಟಿನ ಎಂಟು ಮೂಳೆಗಳ ಇಂಗ್ಲಿಷ್ ಹೆಸರುಗಳು ಯಾರ ಬಾಯಿಗೂ ಹತ್ತುತ್ತಿರಲಿಲ್ಲ. ರತ್ನ ಅವನ್ನು 'ತಕಧಿಮಿ ತಕಜೊಣು' ಎಂಬ ಎಂಟು ಅಕ್ಷರಕ್ಕೆ ಹೊಂದಿಸಿ, ಕಾಲು ತಟ್ಟುತ್ತಾ ಹುಡುಗಿಯರಿಗೆಲ್ಲ ಹೇಳಿಕೊಟ್ಟಳು. ಸಂಜೆ ಜಗಲಿಯ ತುಂಬ ಅದೇ ಸದ್ದು. ನಾನೊಬ್ಬಳು ಕಿಟಕಿಯ ಬಳಿ ಪುಸ್ತಕ ಹಿಡಿದು ಕೂತಿರುತ್ತಿದ್ದೆ. ಅವಳೇ ಒಂದು ದಿನ ಹತ್ತಿರ ಬಂದು, "ಅಕ್ಕಾ, ನಿಮಗೂ ಹೇಳಿಕೊಡಲಾ? ಬಾಯಲ್ಲಿ ಇಟ್ಕೊಂಡ್ರೆ ಮರ್ತೋಗುತ್ತೆ. ಮೈಯಲ್ಲಿ ಇಟ್ಕೊಂಡ್ರೆ ಮರೆಯಲ್ಲ" ಎಂದಳು.

"ಬೇಡಮ್ಮ. ನಾನು ಮರ್ಯಾದಸ್ತರ ಮನೆಯಿಂದ ಬಂದೋಳು" ಎಂದೆ.

ಅವಳು ಹುಡುಗಿಯರ ಗುಂಪಿಗೆ ಮರಳಿ ಮತ್ತೆ ಕಾಲು ತಟ್ಟತೊಡಗಿದಳು. ಮಾರನೆಯ ದಿನವೂ ಎಂದಿನಂತೆ ಅಕ್ಕಾ ಎಂದೇ ಕರೆದಳು. ಅದು ನನ್ನನ್ನು ಇನ್ನಷ್ಟು ಉರಿಸಿತು.

ಆ ಬೇಸಿಗೆಯಲ್ಲಿ ಒಂದು ಸುದ್ದಿ ಬಂತು. ನಮ್ಮಲ್ಲಿ ಒಬ್ಬಳನ್ನು ಹೆಚ್ಚಿನ ತರಬೇತಿಗೆ ಮದ್ರಾಸಿಗೆ ಕಳಿಸುತ್ತಾರೆ, ಮೂಳೆಗಳ ಪರೀಕ್ಷೆಯಲ್ಲಿ ಡಾಕ್ಟರಮ್ಮನೇ ಆರಿಸುತ್ತಾರೆ ಎಂದು. ನಾನು ಅವರ ಕೋಣೆಗೆ ಹೋಗಿ ನನ್ನ ಟಿಪ್ಪಣಿ ಪುಸ್ತಕ ತೋರಿಸಿದೆ. ಅವರು ಪ್ರೀತಿಯಿಂದಲೇ ಹೇಳಿದರು: "ನೀನು ಚೆನ್ನಾಗಿ ಓದ್ತೀಯ. ಅವಳು ಅರ್ಥ ಮಾಡ್ಕೋತಾಳೆ. ನೀನೂ ಸ್ವಲ್ಪ ಅವಳ ಹತ್ತಿರ ಕೂತ್ಕೊ."

ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಅವಳು ನಡೆಯುವುದನ್ನು, ಬಗ್ಗಿ ಬಿಂದಿಗೆ ಎತ್ತುವುದನ್ನು, ಮಲಗಿದಾಗ ಅವಳ ಕೈ ಹಾಸಿಗೆಯಿಂದ ಇಳಿಬಿದ್ದಿರುವುದನ್ನು ಕೂಡ ನೋಡುತ್ತಿದ್ದೆ. ಎಲ್ಲವೂ ಚೆನ್ನಾಗಿರುತ್ತಿತ್ತು. ಇಷ್ಟು ಚೆನ್ನಾಗಿರಲು ಇವಳಿಗೆ ಯಾರು ಹಕ್ಕು ಕೊಟ್ಟರು ಎನ್ನಿಸುತ್ತಿತ್ತು.

ಆಯಾ ಮುನೆಮ್ಮ ಒಂದು ದಿನ ನೆಲ ಒರೆಸುತ್ತಾ ನನ್ನ ಕಿವಿಯಲ್ಲಿ ಉಸುರಿದಳು: "ಸತ್ತೋರ ಮೂಳೆ ಮುಂದೆ ಯಾರಾನ ಕುಣೀತಾರೇನವ್ವಾ? ಇವತ್ತು ಅದರ ಮುಂದೆ ಕುಣಿದೋಳು ನಾಳೆ ಅದನ್ನೇ ಕುಣಿಸ್ತಾಳೆ, ನೋಡ್ತಿರು." ನಾನು ನಕ್ಕುಬಿಟ್ಟೆ. ಆದರೆ ನಾನು ಮಾಡಲು ಹೊರಟದ್ದಕ್ಕೆ ದಾರಿ ತೋರಿಸಿದ್ದು ಅದೇ ಮಾತು. ಮಾಟ ಇದೆಯೆಂದು ನಾನು ನಂಬದಿದ್ದರೇನು, ನಂಬುವವರು ಸುತ್ತ ಇದ್ದರು. ಅಸ್ಥಿಪಂಜರದ ಕೈಯೊಂದು ರತ್ನನ ಪೆಟ್ಟಿಗೆಯಲ್ಲಿ, ಸೀರೆಗಳ ಅಡಿಯಲ್ಲಿ ಸಿಕ್ಕಿದರೆ ಸಾಕು, ಅವಳನ್ನು ಆಸ್ಪತ್ರೆಯಲ್ಲಿ ಯಾರೂ ಇಟ್ಟುಕೊಳ್ಳಲಾರರು.

ಪರೀಕ್ಷೆಯ ಹಿಂದಿನ ದಿನ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಮಗೆ ವಿಶ್ರಾಂತಿ. ಬಿಸಿಲಿಗೆ ಕೋಲಾರದ ಬೆಟ್ಟದ ಬಂಡೆಗಳು ಬೆಳ್ಳಗೆ ಉರಿಯುತ್ತಿದ್ದವು, ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಎಲ್ಲರೂ ಮಲಗಿದ್ದರು. ಪಾಠದ ಕೋಣೆಯ ಬೀಗದ ಕೈ ಆ ವಾರ ರತ್ನನ ಸರದಿಯದು. ಅವಳ ಮಂಚದ ಪಕ್ಕದ ಮೊಳೆಯಿಂದ ಅದನ್ನು ತೆಗೆದುಕೊಂಡು ಹೋದೆ.

ಧೂಳು ಬಾರದಿರಲೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಹಲಗೆಗಳ ಸಂದಿನಿಂದ ಬೆಳಕು ಬೀಳುತ್ತಿತ್ತು, ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಬಲಗೈಯನ್ನು ಮಣಿಕಟ್ಟಿನ ಸಣ್ಣ ಕೊಕ್ಕೆಯಿಂದ ಬಿಡಿಸಿದೆ. ಸದ್ದಾಗದಂತೆ ಟವಲಿನಲ್ಲಿ ಸುತ್ತಿದೆ. ಬಾಗಿಲ ಕಡೆ ನಾಲ್ಕು ಹೆಜ್ಜೆ ಇಟ್ಟಿರಬೇಕು, ಹಿಂದೆ ಹಲಗೆಯ ಮೇಲೆ ಟಕ್ ಎಂದಿತು. ಮತ್ತೆ ಟಕ್ ಟಕ್. ಮತ್ತೆ ಎಂಟರ ಲೆಕ್ಕಕ್ಕೆ ಸರಿಯಾಗಿ.

ತಿರುಗಿ ನೋಡಿದೆ. ಅಸ್ಥಿಪಂಜರದ ಎಡಗಾಲು ಪೀಠವನ್ನು ತಟ್ಟುತ್ತಿತ್ತು. ನಾನು ಕೈ ಬಿಡಿಸಿದಾಗ ಅಲುಗಾಡಿರಬೇಕು ಎಂದು ಮೊದಲು ಅಂದುಕೊಂಡೆ. ಅಷ್ಟರಲ್ಲಿ ಅದರ ಎರಡು ಮಂಡಿಗಳೂ ನಿಧಾನವಾಗಿ ಪಕ್ಕಕ್ಕೆ ಬಿರಿದವು. ಯಾರಿಂದಲೂ ಹೊರಳಿಸಲಾಗದಿದ್ದ ಆ ಸೊಂಟದ ಕೀಲುಗಳು ಹೊರಳಿದವು. ಅದು ಅರೆಮಂಡಿಯಲ್ಲಿ ಕುಳಿತಿತು. ಆಮೇಲೆ ಕುಣಿಯಿತು.

ಎಷ್ಟು ಹೊತ್ತು ಎಂದು ಹೇಳಲಾರೆ. ಅದು ಕುಣಿದದ್ದು ರತ್ನ ನಮಗೆ ತೋರಿಸಿದ್ದ ಯಾವ ಹೆಜ್ಜೆಯೂ ಅಲ್ಲ. ಇನ್ನೂ ಉದ್ದವಾದದ್ದು, ಒಂದರಿಂದ ಒಂದು ಬಿಚ್ಚಿಕೊಳ್ಳುವಂಥದ್ದು. ಎಡಗೈ ಹೂವಿನ ಹಾಗೆ ಅರಳುತ್ತಿತ್ತು. ಬಲಗಡೆ ತೋಳು ಚಾಚಿಕೊಂಡು ಬಂದು ಮಣಿಕಟ್ಟಿನಲ್ಲಿ ನಿಂತುಬಿಡುತ್ತಿತ್ತು. ಕೈ ನನ್ನ ಟವಲಿನಲ್ಲಿತ್ತು. ಓದುವವರು ನಂಬಲಿ, ಬಿಡಲಿ, ಆ ಹೊತ್ತಿನಲ್ಲಿ ನನಗೆ ಮೊದಲು ಆದದ್ದು ಭಯವಲ್ಲ. ಹೊಟ್ಟೆಕಿಚ್ಚು. ಈ ಸತ್ತ ಮೂಳೆಗಳಿಗೂ ಅವಳ ವಿದ್ಯೆಯೇ ಬೇಕಾಯಿತೆ, ಇವಕ್ಕೂ ಬರುವುದು ನನಗೆ ಬರಲಿಲ್ಲವೆ ಎಂದು ಎದೆ ಸುಟ್ಟುಹೋಯಿತು.

"ಅಕ್ಕಾ" ಎಂದು ಯಾರೋ ಕರೆದರು. ರತ್ನ ಬಾಗಿಲಲ್ಲಿ ನಿಂತಿದ್ದಳು. ನಾನು ಕೋಣೆಯ ನಡುವೆ ಇದ್ದೆ. ಮೈಯೆಲ್ಲ ಬೆವರು, ತುರುಬು ಬಿಚ್ಚಿಹೋಗಿತ್ತು, ಅಂಗಾಲು ಉರಿಯುತ್ತಿತ್ತು. ಟವಲು ನೆಲದ ಮೇಲೆ ಬಿದ್ದಿತ್ತು. ಆ ಮೂಳೆಯ ಕೈ ನನ್ನ ಬರಿಗೈಯಲ್ಲಿತ್ತು. ಮೂಲೆಯಲ್ಲಿ ಅಸ್ಥಿಪಂಜರ ಅಲುಗದೆ ತೂಗುಬಿದ್ದಿತ್ತು. ರತ್ನ ಕೈಯನ್ನು ನನ್ನಿಂದ ತೆಗೆದುಕೊಂಡು ಅದರ ಜಾಗಕ್ಕೆ ಸಿಕ್ಕಿಸಿದಳು. ಅವಳ ಮುಖ ಬಿಳಿಚಿಕೊಂಡಿತ್ತು. "ಹೋಗಿ ಮುಖ ತೊಳ್ಕೊಳ್ಳಿ" ಎಂದಳು, ಅಷ್ಟೇ.

ಮಾರನೆಯ ದಿನ ಪರೀಕ್ಷೆಯಲ್ಲಿ ಡಾಕ್ಟರಮ್ಮ ಅಸ್ಥಿಪಂಜರದ ಕಾಲು ಮುಟ್ಟಿದರು. ಅದು ಸಲೀಸಾಗಿ ಪಕ್ಕಕ್ಕೆ ಹೊರಳಿತು. ಬೋಲ್ಟು ಇದ್ದಲ್ಲೇ ಇತ್ತು, ತುಕ್ಕೂ ಹಾಗೆಯೇ ಇತ್ತು. ಬಡಗಿಯನ್ನು ಕರೆಸಿದರು. ಅವನು ತಲೆ ಕೆರೆದುಕೊಂಡ. ನಾನು, ರತ್ನ ಇಬ್ಬರೂ ತಲೆ ತಗ್ಗಿಸಿ ನಿಂತಿದ್ದೆವು. ನನ್ನ ಸರದಿ ಬಂದಾಗ ಆ ಬಲಗೈಯನ್ನು ಕೊಟ್ಟು ಹೆಸರು ಹೇಳು ಎಂದರು. ನಾಲ್ಕು ಮೂಳೆ ಹೇಳಿದೆ, ಮುಂದಿನದು ಬರಲಿಲ್ಲ. ರತ್ನ ಮದ್ರಾಸಿಗೆ ಹೋದಳು. ಅವಳು ಹೊರಡುವ ದಿನ ನಾನು ಗೇಟಿನವರೆಗೂ ಹೋಗಲಿಲ್ಲ. ನನಗೆ ಶ್ರೀನಿವಾಸಪುರದಲ್ಲಿ ಸೂಲಗಿತ್ತಿ ನರ್ಸ್ ಕೆಲಸವಾಯಿತು.

ಯುದ್ಧ ಮುಗಿದ ವರ್ಷ ತಂದೆಯನ್ನು ನೋಡಲು ಮಾಲೂರಿಗೆ ಹೋಗಿದ್ದೆ. ಹಿಂತಿರುಗಲು ಸ್ಟೇಷನ್ನಿಗೆ ಬಂದರೆ ರೈಲು ತಡ. ಬೆಂಚಿನ ಮೇಲೆ ಕನ್ನಡಕ ಹಾಕಿಕೊಂಡ ಹೆಂಗಸೊಬ್ಬಳು ಕೂತಿದ್ದಳು. ಪರಿಚಿತರ ಮನೆಗೆ ಬಂದು ಮದ್ರಾಸಿಗೆ ಮರಳುತ್ತಿದ್ದ ರತ್ನ. ದೊಡ್ಡ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದಳು. ಕ್ಷೇಮ ಸಮಾಚಾರ ಬೇಗ ಮುಗಿದುಹೋಯಿತು. ಆಮೇಲೆ ನಾನೇ ಹೇಳಿಬಿಟ್ಟೆ.

"ಅವತ್ತು ಆ ಕೈ ತಗೊಂಡಿದ್ದು ನಿನ್ನ ಪೆಟ್ಟಿಗೇಲಿ ಇಡೋಕೆ, ರತ್ನ."

"ಗೊತ್ತು ಅಕ್ಕಾ. ನೀವು ಬೀಗದ ಕೈ ತೆಗೆದಾಗಲೇ ನನಗೆ ಎಚ್ಚರ ಆಗಿತ್ತು. ಹಿಂದೇನೇ ಬಂದೆ."

"ಹಾಗಾದ್ರೆ ಅದು ಕುಣಿದಿದ್ದು ನೀನೂ ನೋಡಿದೆಯಾ?"

ಅವಳು ನನ್ನನ್ನೇ ನೋಡಿದಳು. "ಅದೆಲ್ಲಿ ಕುಣೀತು? ಅದು ಹಂಗೇ ನೇತಾಡ್ತಿತ್ತು. ಕುಣಿದಿದ್ದು ನೀವು. ಆ ಕೈ ಹಿಡ್ಕೊಂಡು, ಅದೂ ನಿಮ್ಮದೇ ಕೈ ಅನ್ನೋ ಹಂಗೆ. ಆ ಕುಣಿತ ನಮ್ಮಜ್ಜಿದು. ಆರು ವರ್ಷ ಕಲಿಸಿದ್ಲು, ಒಂದಿನಾನೂ ನನಗೆ ಹಂಗೆ ಬರ್ಲಿಲ್ಲ. ಯಾರಿಗೂ ತೋರಿಸಿರ್ಲಿಲ್ಲ ನಾನು. ನೀವು ಎಲ್ಲಿ ಕಲಿತ್ರಿ?" ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ ಹೇಳಿದಳು: "ಮದ್ರಾಸ್ ರೈಲಲ್ಲಿ ಕೂತ್ರೂ ಹೊಟ್ಟೆ ಉರೀತಾನೇ ಇತ್ತು ಅಕ್ಕಾ. ಅದಕ್ಕೇ ಕಾಗದ ಬರೀಲಿಲ್ಲ."

"ನಾನು ಯಾವತ್ತೂ ಒಂದು ಹೆಜ್ಜೆ ಹಾಕಿದೋಳಲ್ಲ" ಎಂದೆ. "ಮತ್ತೆ ಆ ಬೋಲ್ಟು ಸಡಿಲ ಮಾಡಿದ್ದು ನೀನಲ್ವಾ?"

"ನೀವೇ ಮಾಡಿದ್ದು ಅಂದ್ಕೊಂಡಿದ್ದೆ ನಾನು" ಎಂದಳು ರತ್ನ. ರೈಲು ಬಂತು. ಅವಳು ಹೆಂಗಸರ ಡಬ್ಬಿ ಹತ್ತಿದಳು. ಅದೇ ರೈಲಿನಲ್ಲಿ ಬಂಗಾರಪೇಟೆಯವರೆಗೆ ಹೋಗಬೇಕಿದ್ದ ನಾನು ಯಾಕೋ ಹತ್ತದೆ, ಮುಂದಿನದಕ್ಕೆ ಕಾದು ಕೂತೆ.

ಬಿಸಿಲು, ಉಪವಾಸ, ಮಾಡುತ್ತಿದ್ದ ತಪ್ಪಿನ ಅಳುಕು ಎಂದೆಲ್ಲ ಲೆಕ್ಕ ಹಾಕಿದ್ದೇನೆ. ತಿಂಗಳುಗಟ್ಟಲೆ ಅವಳನ್ನೇ ನೋಡಿ ನೋಡಿ ಮೈ ತಾನಾಗಿಯೇ ಕಲಿತಿರಬಹುದು ಎಂದುಕೊಂಡರೆ, ಅವಳು ಎಂದೂ ಯಾರಿಗೂ ತೋರಿಸದ ಕುಣಿತ ಎಲ್ಲಿಂದ ಬಂತು? ಆ ಕೀಲುಗಳ ಮಾತಂತೂ ಬಿಟ್ಟೇಬಿಡಿ. ಶ್ರೀನಿವಾಸಪುರಕ್ಕೆ ಬಂದ ಮೇಲೆ ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಅರೆಮಂಡಿ ಕೂರಲು ನೋಡಿದೆ. ಮಂಡಿ ಬಿರಿಯಲಿಲ್ಲ, ಗೋಡೆ ಹಿಡಿದುಕೊಂಡು ಎದ್ದೆ. ಆಮೇಲೆ ಆ ಗೋಜಿಗೆ ಹೋಗಿಲ್ಲ.

ಇಷ್ಟು ವಯಸ್ಸಾಗಿ, ನೂರಾರು ಮಕ್ಕಳನ್ನು ಈ ಕೈಗಳಲ್ಲಿ ಹಿಡಿದೆತ್ತಿದ ಮೇಲೂ ರತ್ನನ ಮೇಲೆ ನನಗೆ ಒಂದು ಹೊಟ್ಟೆಕಿಚ್ಚು ಉಳಿದಿದೆ. ಮದ್ರಾಸಿಗೆ ಹೋದದ್ದಕ್ಕಲ್ಲ. ಕುಣಿದವಳು ನಾನೇ ಎಂಬುದು ನಿಜವಾದರೆ, ಅದನ್ನು ಕಣ್ಣಾರೆ ನೋಡಿದವಳು ಅವಳೊಬ್ಬಳೇ.