ಭರಮಪ್ಪನವರ ಎರಡೂಕಾಲು ಇಂಚು

ಅದು ೨೦೨೨ರ ಜೂನ್ ತಿಂಗಳು. ಬೆಳಗಾವಿಯ ಅನಗೋಳದಲ್ಲಿರುವ ನನ್ನ ಗ್ಯಾರೇಜಿಗೆ ಆಗ ಇಪ್ಪತ್ತೇಳು ವರ್ಷ, ನನಗೆ ಐವತ್ಮೂರು. ನಮ್ಮಲ್ಲಿ ಹೆಚ್ಚಿನ ಕೆಲಸ ಬ್ರೇಕ್ ಮತ್ತು ಸಸ್ಪೆನ್ಶನ್ನಿನದು. ಸಸ್ಪೆನ್ಶನ್ ಅಂದರೆ ಗಾಲಿಗೂ ಗಾಡಿಯ ಮೈಗೂ ನಡುವೆ ಇರುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ರಬ್ಬರ್ ಬುಶ್ಶು ಎಲ್ಲ ಸೇರಿದ ಏರ್ಪಾಡು. ಆ ವರ್ಷ ನನ್ನ ಸೊಂಟ ಹಿಡಿದುಕೊಂಡಿತ್ತು. ಗಾಡಿಯ ಕೆಳಗೆ ಮಲಗಿದರೆ ಏಳುವಾಗ ಯಾರಾದರೂ ಕೈ ಕೊಡಬೇಕಾಗುತ್ತಿತ್ತು. ಹೊಸ ಕೆಲಸ ಬಂದರೆ ಮೊದಲಿನಂತೆ ಹುರುಪಾಗುತ್ತಿರಲಿಲ್ಲ, ಇದೊಂದು ಮುಗಿದರೆ ಸಾಕು ಅನ್ನಿಸುತ್ತಿತ್ತು. ಆದರೂ ದಿನದ ಕೆಲಸವನ್ನು ಡೈರಿಯಲ್ಲಿ ಬರೆದಿಡುವ ರೂಢಿ ಬಿಟ್ಟಿರಲಿಲ್ಲ. ಇಲ್ಲಿ ಬರುವ ಅಳತೆಗಳೆಲ್ಲ ಆ ಡೈರಿಯವು.

ಖಾನಾಪುರದಿಂದ ಪದ್ಮಾವತಿ ಅಕ್ಕೋರು ಒಂದು ಹಳೆಯ ಕಾರು ತಾವೇ ನಡೆಸಿಕೊಂಡು ಬಂದರು. ಅಕ್ಕೋರು ಅಂದರೆ ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಕರೆಯುವ ರೀತಿ. ಅವರು ಗಣಿತ ಕಲಿಸಿ ನಿವೃತ್ತರಾದವರು, ವಯಸ್ಸು ಅರವತ್ತೊಂದು. ಕಾರು ೧೯೫೮ರದು. ಮೂತಿ ಹಂದಿಯದರಂತೆ ಕಾಣುವುದರಿಂದ ಅದನ್ನು ಮರಾಠಿಯಲ್ಲಿ ಡುಕ್ಕರ್ ಅನ್ನುತ್ತಾರೆ, ಕನ್ನಡದವರೂ ಹಾಗೇ ಅನ್ನುತ್ತೇವೆ. ಪಕ್ಕದಲ್ಲಿ ಅವರ ಯಜಮಾನರು ಭರಮಪ್ಪನವರು ಕುಳಿತಿದ್ದರು. ಮೂವತ್ತು ವರ್ಷ ಭೂಮಾಪನ ಇಲಾಖೆಯಲ್ಲಿ ಜಮೀನು ಅಳೆದವರು. ಹಿಂದಿನ ಡಿಸೆಂಬರಿನಲ್ಲಿ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಮಾತೂ ತೊಡರುತ್ತಿತ್ತು. ವಾರಕ್ಕೆ ಎರಡು ಸಲ ಇಪ್ಪತ್ತಾರು ಕಿಲೋಮೀಟರ್ ದೂರದ ಬೆಳಗಾವಿಗೆ ಫಿಜಿಯೋಥೆರಪಿಗೆ ಬರಬೇಕು. ಮೊದಲ ವರ್ಷದಲ್ಲಿ ಎಷ್ಟು ಸುಧಾರಿಸುತ್ತದೋ ಅಷ್ಟೇ, ಆಮೇಲೆ ಕಷ್ಟ ಅಂತ ಡಾಕ್ಟರು ಹೇಳಿದ್ದರಂತೆ.

ಅಕ್ಕೋರ ತೊಂದರೆ ಬ್ರೇಕಿನದು. ಆ ಗಾಡಿಗೆ ನಾಲ್ಕೂ ಗಾಲಿಗೆ ಹಳೆಯ ಡ್ರಮ್ ಬ್ರೇಕ್, ಬೂಸ್ಟರ್ ಇಲ್ಲ. ಬೂಸ್ಟರ್ ಎಂದರೆ ಇಂಜಿನ್ನಿನ ಎಳೆತವನ್ನು ಬಳಸಿ ಕಾಲಿನ ಭಾರ ಕಡಿಮೆ ಮಾಡುವ ಡಬ್ಬಿ. ಅವರ ಬಲ ಮೊಣಕಾಲಿಗೆ ಆಪರೇಶನ್ ಆಗಿತ್ತು. ಹಿಂದಿನ ವಾರ ಖಾನಾಪುರದ ರೈಲ್ವೆ ಗೇಟಿನ ಹತ್ತಿರ ಎಷ್ಟು ಒತ್ತಿದರೂ ನಿಲ್ಲದೆ ಮುಂದಿನ ಟ್ರ್ಯಾಕ್ಟರಿನ ಟ್ರೇಲರಿಗೆ ಬಂಪರ್ ತಾಗಿಸಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಆದರೆ ಮನೆಯವರೆಲ್ಲ ಸೇರಿ ಇದನ್ನು ಮಾರಿ ಹೊಸದು ತಗೊಳ್ಳಿ ಎಂದು ಹಿಡಿದಿದ್ದರು. ನಾನೂ ಅದನ್ನೇ ಹೇಳಿದೆ. ಖರೇ ಹೇಳಬೇಕೆಂದರೆ ಆ ಕೆಲಸ ತಪ್ಪಿಸಿಕೊಳ್ಳಲು ಹೇಳಿದೆ.

ಅವರು ಸಿಟ್ಟಾಗಲಿಲ್ಲ. ಎಡಬದಿಯ ಬಾಗಿಲು ತೆಗೆದು ತೋರಿಸಿದರು. ಈ ಗಾಡಿಯ ಮುಂದಿನ ಬಾಗಿಲುಗಳ ಬಿಜಾಗರಿಗಳು, ಅಂದರೆ ಬಾಗಿಲು ತಿರುಗುವ ಕೀಲುಗಳು, ಹಿಂದಿನ ಕಡೆ ಇವೆ, ಬಾಗಿಲು ಮನೆಯ ಬೀರುವಿನಂತೆ ಹಿಂದಕ್ಕೆ ತೆರೆಯುತ್ತದೆ. ಮುಂದೆ ಏನೂ ಅಡ್ಡ ಬರುವುದಿಲ್ಲ. ಭರಮಪ್ಪನವರು ಎಡಗೈಯಲ್ಲಿ ಕೋಲು ಊರಿ, ಹಿಂದೆ ಸರಿದು, ಕುರ್ಚಿಯ ಮೇಲೆ ಕೂತಂತೆ ಕೂತು, ಆಮೇಲೆ ಕಾಲು ಒಳಗೆ ತಿರುಗಿಸಿಕೊಳ್ಳುತ್ತಿದ್ದರು.

“ಬ್ಯಾರೆ ಗಾಡ್ಯಾಗ ಇವರನ್ನ ಗೋಣಿಚೀಲದಂಗ ಇಬ್ಬರು ಎತ್ತಿ ಹಾಕಬೇಕ್ರಿ,” ಅಂದರು ಅಕ್ಕೋರು. “ಇದರಾಗ ಅವರ ತಾವ ಕುಂದರತಾರ. ಎತ್ತಿ ಹಾಕೂದಾದ್ರ ನಾ ಬರಂಗೇ ಇಲ್ಲ ಅಂತಾರ.”

ಗಾಡಿ ಬಿಟ್ಟು ಹೋಗುವಾಗ ಅದು ಕಣ್ಣಾರೆ ಕಾಣಿಸಿತು. ಕರೆದೊಯ್ಯಲು ಬಂದ ಸಂಬಂಧಿಕರ ಜೀಪಿಗೆ ಇಬ್ಬರು ಕಂಕುಳಲ್ಲಿ ಕೈ ಹಾಕಿ ಅವರನ್ನು ಎತ್ತಿದರು. ಅಂಗಿ ಮೇಲೆ ಸರಿದು ಹೊಟ್ಟೆ ಕಂಡಿತು. ಅವರು ಕಣ್ಣು ಮುಚ್ಚಿಕೊಂಡಿದ್ದರು. ನಾನು ನಟ್ಟು ಬಿಚ್ಚುವ ಪಾನಾ ಹುಡುಕುವವನಂತೆ ಆಚೆ ತಿರುಗಿದೆ.

ಕೆಲಸ ಒಪ್ಪಿಕೊಂಡು ಎರಡು ವಾರ ಅಂತ ಮಾತು ಕೊಟ್ಟಿದ್ದೆ. ಐದು ವಾರ ಹಿಡಿಯಿತು. ಮುಂದಿನ ಗಾಲಿಗಳಿಗೆ ಈಚಿನ ಒಂದು ಸಣ್ಣ ಕಾರಿನ ಡಿಸ್ಕ್ ಬ್ರೇಕ್ ಕೂಡಿಸಬೇಕಿತ್ತು. ಡಿಸ್ಕ್ ಬ್ರೇಕಿನಲ್ಲಿ ಗಾಲಿಯ ಜೊತೆ ತಿರುಗುವ ಕಬ್ಬಿಣದ ತಟ್ಟೆಯನ್ನು ಎರಡೂ ಕಡೆಯಿಂದ ಪ್ಯಾಡುಗಳು ಹಿಡಿಯುತ್ತವೆ. ಅದನ್ನು ಗಾಲಿ ಕೂಡುವ ಹಳೆಯ ಸ್ಟಬ್ ಆಕ್ಸಲ್ಲಿಗೆ ಹೊಂದಿಸುವ ಬ್ರ್ಯಾಕೆಟ್ಟನ್ನು ಉದ್ಯಮಬಾಗದ ಲೇಥಿನಲ್ಲಿ ಮಾಡಿಸಿದೆ. ಮೊದಲನೆಯದು ಎರಡು ಮಿಲಿಮೀಟರ್ ತಪ್ಪಿತು, ಎರಡನೆಯದು ಸರಿ ಬಂತು. ಪೆಡಲಿನ ಒತ್ತನ್ನು ಎಣ್ಣೆಯ ಮೂಲಕ ಗಾಲಿಗೆ ಕಳಿಸುವ ಡ್ರಮ್ಮಿನ ಮಾಸ್ಟರ್ ಸಿಲಿಂಡರ್ ಪೈಪಿನಲ್ಲಿ ಸ್ವಲ್ಪ ಒತ್ತಡ ಹಿಡಿದಿಡುತ್ತದೆ, ಅದನ್ನೇ ಉಳಿಸಿಕೊಂಡರೆ ಡಿಸ್ಕಿನ ಪ್ಯಾಡು ಸದಾ ಉಜ್ಜಿ ಕಾಯುತ್ತದೆ. ಆದ್ದರಿಂದ ಅದನ್ನೂ ಬದಲಿಸಿದೆ, ಬೂಸ್ಟರ್ ಕೂಡಿಸಿದೆ. ಹೊರಗೆ ಮಳೆ ಬಿಡದೆ ಹೊಡೆಯುತ್ತಿತ್ತು. ಶೆಡ್ಡಿನ ನೆಲವೆಲ್ಲ ತೇವ, ಸೊಂಟದ ನೋವು ತೊಡೆಗೆ ಇಳಿದಿತ್ತು. ಅಕ್ಕೋರು ಸೋಮವಾರ ಸೋಮವಾರ ಫೋನ್ ಮಾಡುತ್ತಿದ್ದರು. ಒಮ್ಮೆಯೂ ಜೋರು ಮಾಡಲಿಲ್ಲ. “ಈ ವಾರನೂ ಹೋಗಲಿಲ್ರಿ ನಾವು,” ಅಂತ ಮಾತ್ರ ಹೇಳಿ ಇಡುತ್ತಿದ್ದರು. ಬೈದಿದ್ದರೆ ವಾಸಿ ಇತ್ತು.

ಸಸ್ಪೆನ್ಶನ್ ಕೆಲಸಕ್ಕೆ ನನ್ನ ಜೊತೆಗಿದ್ದವನು ಪರಶುರಾಮ. ಬೀಡಿ ಊರಿನವನು, ನನ್ನದೇ ವಯಸ್ಸು, ಪಾಟಾ ಕೆಲಸದಲ್ಲಿ ಅವನಂಥ ಕೈ ನಾನು ಕಂಡಿಲ್ಲ. ಪಾಟಾ ಎಂದರೆ ಹಿಂದಿನ ಗಾಲಿಯ ಮೇಲೆ ಒಂದರ ಮೇಲೊಂದು ಕೂಡಿಸಿದ ಬಾಗಿದ ಪಟ್ಟಿಗಳ ಸ್ಪ್ರಿಂಗು. ಅರವತ್ತು ವರ್ಷ ಭಾರ ಹೊತ್ತು ಅವು ಚಪ್ಪಟೆಯಾಗಿದ್ದವು. ನಮ್ಮಲ್ಲಿ ಒಂದು ಪದ್ಧತಿ ಇದೆ. ಜಾಂಬೋಟಿ ಕಡೆಯ ರಸ್ತೆಗಳ ತಗ್ಗು ನೋಡಿದ ಮಿಸ್ತ್ರಿಗಳು ಯಾವ ಹಳೆಯ ಗಾಡಿ ಬಂದರೂ, ಗಿರಾಕಿ ಹೇಳಲಿ ಬಿಡಲಿ, ಕುಂತ ಪಾಟಾ ಎಬ್ಬಿಸಿಯೇ ಕಳಿಸುತ್ತಾರೆ. ಹಾಗೆ ಮಾಡದಿದ್ದರೆ ಕೆಲಸ ಅರ್ಧ ಮಾಡಿದಂತೆ. ಪರಶುರಾಮ ಪಟ್ಟಿಗಳನ್ನು ಕಾಯಿಸಿ, ಬಡಿದು, ಹದಗೊಳಿಸಿ ಮೊದಲಿನ ಬಾಗು ತಂದ. ಮುಂದೆ ಹೊಸ ಕಾಯಿಲ್ ಸ್ಪ್ರಿಂಗ್ ಹಾಕಿದೆ. ಗಾಡಿ ಒಂದೂಮುಕ್ಕಾಲು ಇಂಚು ಎದ್ದು ನಿಂತಿತು. ನನ್ನ ಹತ್ತಿರದ ಸರ್ವಿಸ್ ಪುಸ್ತಕದಲ್ಲಿ ಬರೆದ ಎತ್ತರಕ್ಕೆ ಒಂದು ಗೆರೆಯೂ ಹೆಚ್ಚುಕಡಿಮೆ ಇಲ್ಲ. ರೋಗಿ ಕೂಡುವ ಜಾಗ, ಮೆತ್ತಗಿರಲಿ ಎಂದು ಸೀಟಿಗೆ ಅರ್ಧ ಇಂಚಿನ ಹೊಸ ಫೋಮ್ ಸಹ ಹಾಕಿಸಿದೆ. ಅದನ್ನು ಯಾರೂ ಕೇಳಿರಲಿಲ್ಲ.

ಜಾಂಬೋಟಿ ದಾರಿಯ ಇಳಿಜಾರಿನಲ್ಲಿ ನಾನೇ ಹತ್ತು ಸಲ ಬ್ರೇಕ್ ಒತ್ತಿ ನೋಡಿದೆ, ಒಂದು ಸಲವೂ ಗಾಡಿ ಪಕ್ಕಕ್ಕೆ ಎಳೆಯಲಿಲ್ಲ. ಸ್ಪ್ರಿಂಗಿನ ತೂಕದ ಯಂತ್ರವನ್ನು ಪೆಡಲಿಗೆ ಆನಿಸಿ ಅಳೆದರೆ, ಮೊದಲು ಮೂವತ್ತಾರು ಕಿಲೋ ಬೇಕಿದ್ದ ಒತ್ತು ಹದಿನಾಲ್ಕಕ್ಕೆ ಇಳಿದಿತ್ತು. ಬಹಳ ದಿನಗಳ ಮೇಲೆ ನನಗೆ ಕೆಲಸದ ಬಗ್ಗೆ ಸಮಾಧಾನ ಅನ್ನಿಸಿತು.

ಅದೇ ಜೀಪಿನಲ್ಲಿ ಗಂಡಹೆಂಡತಿ ಬಂದರು. ಅಕ್ಕೋರು ಅಂಗಳದಲ್ಲೇ ಎರಡು ಸುತ್ತು ಹೊಡೆದು ಬ್ರೇಕ್ ಒತ್ತಿದರು, ಮುಖ ಅರಳಿತು. ಭರಮಪ್ಪನವರು ಕೋಲು ಊರುತ್ತ ಎಡಬಾಗಿಲಿಗೆ ಬಂದರು, ತಿರುಗಿದರು, ಹಿಂದೆ ಸರಿದರು. ತೊಡೆಯ ಹಿಂಭಾಗ ಸೀಟಿನ ಅಂಚಿಗೆ ಬಡಿಯಿತು. ಮತ್ತೆ ಸರಿದರು. ಅರ್ಧ ಕೂತು ಜಾರಿದರು, ಎಡಗಾಲ ಹಿಮ್ಮಡಿ ನೆಲ ಬಿಟ್ಟು ತುದಿಗಾಲಿಗೆ ಬಂತು, ಕೋಲು ನಡುಗಿತು. ನಾನೂ ಅಕ್ಕೋರೂ ಓಡಿ ಹಿಡಿದೆವು. ಮೂರನೆಯ ಸಲ ಅವರು ಪ್ರಯತ್ನಿಸಲಿಲ್ಲ. ಜೀಪಿನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ ನಿಂತುಬಿಟ್ಟರು.

ಪರಶುರಾಮ ನನ್ನ ಹಿಂದೆ ನಿಂತು ಸಣ್ಣ ದನಿಯಲ್ಲಿ ಹೇಳಿದ: “ಗಾಡಿ ಏಕದಮ್ ಚೊಲೊ ಆತು ಮಾಲಕ, ಮನಷ್ಯಾ ಹೊರಗ ಉಳದ.”

ನಾನು ಅಕ್ಕೋರ ಕಡೆ ತಿರುಗಿ, ಎಷ್ಟು ಇಳಿಸಿದರೆ ಆದೀತು, ಸೀಟನ್ನೇ ಕೊರೆದು ಇಳಿಸಲೇ ಎಂದು ಕೇಳತೊಡಗಿದೆ. ಸೀಟು ಈ ಬದಿಯಿಂದ ಆ ಬದಿಗೆ ಒಂದೇ, ಅದನ್ನು ಇಳಿಸಿದರೆ ನನಗೆ ಬಾನೆಟ್ಟಿನ ಮುಂದೆ ರಸ್ತೆ ಕಾಣುವುದಿಲ್ಲ ಎಂದರು ಅಕ್ಕೋರು. ನಾವಿಬ್ಬರೂ ಭರಮಪ್ಪನವರ ತಲೆಯ ಮೇಲಿಂದಲೇ ಹೀಗೆ ಮಾತಾಡುತ್ತಿರುವಾಗ ಅವರು ಕೋಲಿನಿಂದ ನೆಲ ಕುಟ್ಟಿದರು. ಎರಡು ಸಲ.

“ನನ್ನ... ಕೇಳ್ರಿ,” ಅಂದರು.

ಐದು ವಾರದಲ್ಲಿ ನಾನು ಅವರಿಗೆ ಹಾಕಿದ ಒಂದು ಪ್ರಶ್ನೆಯೂ ಡೈರಿಯಲ್ಲಿ ಇಲ್ಲ. ಆಮೇಲೆ ಹುಡುಕಿ ನೋಡಿದ್ದೇನೆ. ಮಾತು ತೊಡರುತ್ತದೆ, ಯಾಕೆ ದಣಿಸುವುದು ಎಂದು ಎಲ್ಲವನ್ನೂ ಅಕ್ಕೋರನ್ನೇ ಕೇಳಿದ್ದೆ. ಈಗ ಭರಮಪ್ಪನವರು ಕೋಲನ್ನು ನೆಟ್ಟಗೆ ನಿಲ್ಲಿಸಿ, ಮೊಣಕಾಲಿನ ಹಿಂದಿನ ಮಡಿಕೆಗೆ ಆನಿಸಿ, ಎಡಗೈಯ ಹೆಬ್ಬೆರಳಿನಿಂದ ಒಂದು ಜಾಗ ಹಿಡಿದರು. ಕೈ ಅಲುಗದಂತೆ ಹಿಡಿದು ನನ್ನ ಕಡೆ ನೋಡಿದರು. ನಾನು ಅಲ್ಲಿ ಸೀಮೆಸುಣ್ಣದ ಗೆರೆ ಎಳೆದು ಟೇಪು ಇಟ್ಟೆ. ಹದಿನೇಳೂವರೆ ಇಂಚು. ಸೀಟಿನ ಅಂಚು ನೆಲದಿಂದ ಹತ್ತೊಂಬತ್ತೂಮುಕ್ಕಾಲು. ನಾನು ಎತ್ತಿದ್ದು ಒಂದೂಮುಕ್ಕಾಲು, ಫೋಮ್ ಅರ್ಧ. ಕೂಡಿಸಿದರೆ ಎರಡೂಕಾಲು, ಸರಿಯಾಗಿ ಅಷ್ಟೇ. ಕುಂತ ಪಾಟಾ ಗಾಡಿಯ ದೋಷ ಅಂದುಕೊಂಡಿದ್ದೆ. ಅವರು ತಾವಾಗಿ ಕೂಡಲು ಆಗುತ್ತಿದ್ದುದು ಆ ದೋಷದಿಂದಲೇ.

ಆ ಹೊತ್ತಿಗೆ ನನಗೆ ಬಂದ ದಣಿವು ಸೊಂಟದ್ದಲ್ಲ. ಇನ್ನೂ ನಾಲ್ಕು ದಿನ ಕೊಡಿ ಅಂದೆ. ಮತ್ತೆ ಅವರನ್ನು ಎತ್ತಿ ಜೀಪಿಗೆ ಹಾಕಿದರು. ಈ ಸಲ ನಾನು ಆಚೆ ತಿರುಗಲಿಲ್ಲ, ಅಂಗಿ ಸರಿದದ್ದನ್ನು ಕೆಳಗೆ ಎಳೆದು ಸರಿಮಾಡಿದೆ.

ಮಾಡಿದ್ದನ್ನು ಬಿಚ್ಚುವ ಕೆಲಸ ಮಾಡುವ ಕೆಲಸಕ್ಕಿಂತ ಭಾರ. ಪರಶುರಾಮ ತಾನೇ ಬಾಗಿಸಿದ ಪಾಟಾವನ್ನು ಮತ್ತೆ ಚಪ್ಪಟೆ ಮಾಡಿದ. ಅಷ್ಟು ಹೊತ್ತೂ ಮರಾಠಿಯಲ್ಲಿ ತನ್ನನ್ನೇ ಬೈದುಕೊಳ್ಳುತ್ತಿದ್ದ. ಮುಂದಿನ ಸ್ಪ್ರಿಂಗುಗಳನ್ನು ತೆಗೆದು ಗಿಡ್ಡನೆಯವನ್ನು ಹಾಕಿದೆ. ತಗ್ಗಿಗೆ ಬಿದ್ದಾಗ ಮೈ ಆಕ್ಸಲ್ಲಿಗೆ ಬಡಿಯದಂತೆ ದಪ್ಪ ರಬ್ಬರ್ ಕೊಟ್ಟು, ಹೊಸ ಶಾಕ್ ಅಬ್ಸಾರ್ಬರುಗಳನ್ನು ಹಾಗೇ ಇಟ್ಟೆ. ಸೀಟಿನ ಫೋಮ್ ಕಿತ್ತು ಹಳೆಯ ನಾರನ್ನಷ್ಟೇ ಉಳಿಸಿದೆ.

ಐದನೆಯ ದಿನ ಭರಮಪ್ಪನವರು ಕೂತರು. ಮೊದಲ ಸಲಕ್ಕೇ, ಯಾರ ಕೈಯೂ ಇಲ್ಲದೆ. ಒಳಗೆ ಕಾಲು ತಿರುಗಿಸಿಕೊಂಡು ಬಾಗಿಲು ತಾವೇ ಎಳೆದುಕೊಂಡರು. ಅಲ್ಲಿಂದ ಸೀದಾ ಫಿಜಿಯೋಥೆರಪಿಗೆ ಹೋದರು. ಬಂಪರ್ ತಾಗಿಸಿದ ವಾರವೂ ಸೇರಿ ಏಳು ವಾರ ತಪ್ಪಿತ್ತು, ಅದರಲ್ಲಿ ನನ್ನ ಪಾಲು ದೊಡ್ಡದು. ಅದನ್ನು ಯಾರೂ ನನಗೆ ಹೇಳಲಿಲ್ಲ.

ಗಾಡಿಯನ್ನು ಪುಸ್ತಕದ ಪ್ರಕಾರ ಸರಿಮಾಡುವುದು ನನಗೆ ಬರುತ್ತಿತ್ತು. ಅದರಲ್ಲಿ ಯಾರು ಕೂಡುತ್ತಾರೆ, ಹೇಗೆ ಹತ್ತುತ್ತಾರೆ, ಹೇಗೆ ಇಳಿಯುತ್ತಾರೆ ಎಂದು ಅವರನ್ನೇ ಕೇಳಬೇಕು ಅನ್ನುವುದು ಇಪ್ಪತ್ತೇಳು ವರ್ಷವಾದರೂ ತಿಳಿದಿರಲಿಲ್ಲ. ಈಗ ಜಾಬ್ ಕಾರ್ಡಿನಲ್ಲಿ ಅದಕ್ಕೊಂದು ಸಾಲು ಇಟ್ಟಿದ್ದೇನೆ. ಪುಸ್ತಕದ ಅಳತೆಗಿಂತ ಮೊದಲು ಅದನ್ನು ತುಂಬುತ್ತೇವೆ.

ಮರುವರ್ಷ ಮಳೆಗಾಲ ಹಿಡಿಯುವ ಮುಂಚೆ ಅಕ್ಕೋರು ಒಬ್ಬರೇ ಬಂದರು. ಬ್ರೇಕ್ ಚಲೋ ಇದೆ ಅಂದರು. ಆಮೇಲೆ ಇನ್ನೊಂದು ಅರ್ಧ ಇಂಚು ಇಳಿಸಲು ಬರುತ್ತದೆಯೇ ಎಂದು ಕೇಳಿದರು. ಭರಮಪ್ಪನವರ ಎಡಗಾಲಲ್ಲೂ ಈಗ ಮೊದಲಿನ ಬಲ ಇಲ್ಲ ಎಂದರು. ನಾನು ಪಾನಾ ಕೆಳಗಿಟ್ಟೆ.

“ಬರತೈತ್ರಿ,” ಅಂದೆ. “ಅವರನ್ನ ಕರಕೊಂಡ ಬರ್ರಿ. ಎಷ್ಟ ಇಳಸಬೇಕ ಅಂತ ಅವರನ್ನ ಕೇಳೂಣು.”