ಲಿವರಿನ ನೀರುಗುಳ್ಳೆಯೂ ನನ್ನ ಅನುಮಾನವೂ

ನನಗೆ ಡಾಕ್ಟರುಗಳ ಮೇಲೆ ಅನುಮಾನ. ಯಾರ ಮೇಲಿಲ್ಲ ಎಂದು ಕೇಳಿ, ಉತ್ತರ ಬೇಗ ಮುಗಿಯುತ್ತದೆ. ನಮ್ಮದು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಮನೆ. ಗೂಡಿನ ಮಾರುಕಟ್ಟೆಯಲ್ಲಿ ಅಪ್ಪ ರಾಶಿಯ ಮೇಲಿನ ಗೂಡನ್ನು ನೋಡುತ್ತಲೇ ಇರಲಿಲ್ಲ; ಮೊಣಕೈವರೆಗೆ ತೋಳು ತೂರಿಸಿ ತಳದಿಂದ ಒಂದು ಹಿಡಿ ತೆಗೆಯುತ್ತಿದ್ದರು. ಇನ್ನೊಂದು ರಾಶಿಗೆ ಏನು ಬೆಲೆ ಹೇಳಿ ಬಂದೆ ಎಂದು ಬಾಯಿ ಬಿಡುತ್ತಿರಲಿಲ್ಲ. ನಮ್ಮ ವಂಶದ ಮೊದಲ ಬಿ.ಎಸ್ಸಿ. ನಾನು; ಗೂಡು ಬೇಯುವ ಹಬೆಯ ಪಕ್ಕ ಕೂತು ಓದಿ ಗಳಿಸಿದ್ದು. ಡಿಗ್ರಿ ಬಂತು, ಗುಣ ಹೋಗಲಿಲ್ಲ.

ಕಳೆದ ವರ್ಷ ಬಲಪಕ್ಕೆಯ ಕೆಳಗೆ ನೋವು, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ. ಚಿಕ್ಕಬಳ್ಳಾಪುರದ ಡಾಕ್ಟರು ಸ್ಕ್ಯಾನ್ ಮಾಡಿಸಿ, ಲಿವರಿನಲ್ಲಿ ದೊಡ್ಡ ನೀರುಗುಳ್ಳೆ ಇದೆ ಎಂದರು. ತೊಂದರೆ ಕೊಡದಿದ್ದರೆ ಅದರ ತಂಟೆಗೆ ಹೋಗುವುದಿಲ್ಲವಂತೆ, ನನ್ನದು ಕೊಡುತ್ತಿತ್ತು.

"ಸೂಜಿ ಹಾಕಿ ನೀರು ತೆಗೆದ್ರೆ ಸಾಲ್ದಾ ಸಾರ್?"

"ಬರೀ ನೀರು ತೆಗೆದ್ರೆ ಮತ್ತೆ ತುಂಬ್ಕೊಳ್ಳತ್ತೆ ಕಣಪ್ಪ. ಹೊಟ್ಟೇಲಿ ಸಣ್ಣ ತೂತು ಮಾಡಿ ಗುಳ್ಳೆ ಮೇಲ್ಗಡೆ ಗೋಡೆ ಕತ್ತರಿಸ್ತೀವಿ."

ಪೂರ್ತಿ ಕೀಳದೆ ಮೇಲ್ಗಡೆ ಮಾತ್ರವೇಕೆ? ಕ್ಯಾನ್ಸರ್ ಇರಬೇಕು, ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ.

ಹಳೆಯ ಕಾಗದಗಳನ್ನು ಹೆಂಡತಿಯ ಬ್ಯಾಗಿನಲ್ಲಿ ಬಚ್ಚಿಟ್ಟು, ಅವಳನ್ನೂ ಕರೆದುಕೊಂಡು ಚಿಂತಾಮಣಿಯ ಇನ್ನೊಬ್ಬ ಡಾಕ್ಟರ ಬಳಿ ಹೋದೆ. ಇವರು ತಾವಾಗಿಯೇ ಹೇಳಲಿ, ತಾಳೆ ನೋಡೋಣ ಎಂಬ ಜಾಣತನ.

"ಮುಂಚೆ ಸ್ಕ್ಯಾನ್ ಏನಾದ್ರೂ ಆಗಿದ್ಯಾ?"

"ಇಲ್ಲ ಸಾರ್."

"ಹಾಗಾದ್ರೆ ರಕ್ತ, ಸ್ಕ್ಯಾನ್ ಎಲ್ಲಾ ಮೊದಲಿಂದ ಆಗ್ಬೇಕು."

ಹೆಂಡತಿ ತಡೆಯಲಾರದೆ ಬ್ಯಾಗು ತೆಗೆದು ಕಾಗದಗಳನ್ನು ಮೇಜಿನ ಮೇಲೆ ಸುರಿದಳು. "ಸಾಕು ಸುಮ್ನಿರ್ರೀ! ಅವ್ರೇನು ಗೂಡು ಮಾರಕ್ಕೆ ಕೂತವ್ರಾ?"

ಡಾಕ್ಟರು ನಕ್ಕು ಎಲ್ಲ ನೋಡಿದರು. "ನಾನೂ ಇದನ್ನೇ ಹೇಳ್ತಿದ್ದೆ. ಗೋಡೆ ತೆಗೆದ್ರೆ ನೀರು ಅಲ್ಲಿ ನಿಲ್ಲಲ್ಲ, ಮೈಯೇ ಹೀರ್ಕೊಳ್ಳತ್ತೆ. ಪೂರ್ತಿ ಕೀಳಕ್ಕೋದ್ರೆ ರಕ್ತ ಜಾಸ್ತಿ ಹೋಗತ್ತೆ. ಕ್ಯಾನ್ಸರ್ ಥರ ಕಾಣ್ತಿಲ್ಲ. ಆದ್ರೂ ಕತ್ತರಿಸಿದ ಚೂರನ್ನ ಪರೀಕ್ಷೆಗೆ ಕಳಿಸ್ತಾರೆ. ಅನುಮಾನ ನಮಗೂ ಇರತ್ತೆ ಸ್ವಾಮಿ."

ಆ ಮಾತಿಗೆ ನಾನು ಸೋತೆ. ಅನುಮಾನ ನನ್ನೊಬ್ಬನ ಆಸ್ತಿ ಎಂದುಕೊಂಡಿದ್ದೆ. ಇವರು ಅದನ್ನೇ ಕಸುಬು ಮಾಡಿಕೊಂಡಿದ್ದಾರೆ, ಬಚ್ಚಿಡದೆ.

ಚಿಕ್ಕಬಳ್ಳಾಪುರದಲ್ಲೇ ಆಪರೇಷನ್ ಆಯಿತು. ಅದಕ್ಕೆ ಮುಂಚೆ ಒಪ್ಪಿಗೆ ಪತ್ರವನ್ನು ಮೂರು ಸಲ ಓದಿದಾಗ ನರ್ಸಮ್ಮ, "ಇದೇನು ಪರೀಕ್ಷೆ ಅಲ್ಲ ಸಾರ್, ಸೈನ್ ಹಾಕಿ" ಎಂದು ಗದರಿದ್ದೂ ಆಯಿತು. ವಾರದ ಮೇಲೆ ಚೂರಿನ ವರದಿ ಬಂತು: ಕೆಟ್ಟದ್ದೇನೂ ಇಲ್ಲ. ಅದನ್ನು ಒಂದೇ ಸಲ ಓದಿ ಮಡಚಿಟ್ಟೆ. ಪದವೀಧರನಾಗಿ ಇಷ್ಟು ವರ್ಷದ ಮೇಲೆ, ಒಂದು ಕಾಗದವನ್ನು ಒಂದೇ ಸಲ ಓದುವುದು ನನಗೆ ಬಂತು.